ಪುಸ್ತಕವನ್ನು ಓದುಗನ ಕೈಗಿಡುವವರು

ಗ್ರಂಥವೊಂದು ಲೋಕಮುಖಕ್ಕೆ ಬರಬೇಕಾದರೆ ಹಲವರ ಶ್ರಮ ಒಂದುಗೂಡಬೇಕು. ಬರೆದವನ ಹೆಸರು ಹೊದಿಕೆಯ ಮೇಲೆ ಅಚ್ಚಾಗುತ್ತದೆ. ಪ್ರಕಾಶಕನ ಹೆಸರೂ ಮುದ್ರಣಾಲಯದ ಹೆಸರೂ ಮೊದಲ ಪುಟಗಳಲ್ಲಿ ಕಾಣಿಸುತ್ತವೆ. ಮುನ್ನುಡಿ ಬರೆದ ಹಿರಿಯರಿಗೂ ಕರಡಚ್ಚು ತಿದ್ದಿದ ಮಿತ್ರರಿಗೂ ಲೇಖಕನು ಕೃತಜ್ಞತೆ ಸಲ್ಲಿಸುತ್ತಾನೆ. ಆದರೆ ಆ ಗ್ರಂಥವನ್ನು ಓದುಗನ ಮುಂದೆ ಹಿಡಿದು, "ಇದನ್ನು ಓದಿ ನೋಡಿರಿ" ಎಂದು ಹೇಳಿದವನ ಹೆಸರು ಯಾವ ಪುಟದಲ್ಲಿಯೂ ಇರುವುದಿಲ್ಲ. ಆತನೇ ಪುಸ್ತಕ ವ್ಯಾಪಾರಿ. ಆತನ ಮಾತಿಗೆ ಇರುವ ಬೆಲೆ ಎಷ್ಟು, ಅದನ್ನು ನಂಬುವುದಕ್ಕೆ ಆಧಾರವೇನು, ಶಾಲೆಗಳೂ ದಾನಿಗಳೂ ಆತನಿಂದ ಕಲಿಯಬೇಕಾದುದೇನು ಎಂಬುದರ ವಿವೇಚನೆಯೇ ಪ್ರಸ್ತುತ ಲೇಖನದ ಉದ್ದೇಶ.

ಸಕಾಲದಲ್ಲಿ ಕೈಸೇರಿದ ಒಂದು ಪುಸ್ತಕ ಏನು ಮಾಡಬಲ್ಲುದೆಂಬುದಕ್ಕೆ ಹರಪನಹಳ್ಳಿಯವರು ದೂರ ಹುಡುಕಬೇಕಾಗಿಲ್ಲ. ೧೯೧೩ರಲ್ಲಿ ಹರಪನಹಳ್ಳಿಯಲ್ಲಿ ಜನಿಸಿದ ರಾಯಸಂ ಭೀಮಸೇನರಾಯರು 'ಬೀಚಿ' ಎಂಬ ಹೆಸರಿನಿಂದ ನಾಡಿಗೆಲ್ಲ ಪರಿಚಿತರಾದರು. ಮೊದಲು ಕನ್ನಡ ಪುಸ್ತಕಗಳ ವಿಷಯದಲ್ಲಿ ಅವರಿಗೆ ಅಷ್ಟಾಗಿ ಆದರವಿರಲಿಲ್ಲ. ಅ. ನ. ಕೃಷ್ಣರಾಯರ 'ಸಂಧ್ಯಾರಾಗ' ಕಾದಂಬರಿಯನ್ನು ಓದಿದ ಮೇಲೆ ಅವರ ಮನಸ್ಸು ತಿರುಗಿತು. ಕನ್ನಡದಲ್ಲಿ ಇಂಥ ಕೃತಿಯೂ ಉಂಟೇ ಎಂದು ಬೆರಗಾದ ಆ ಓದುಗನು ಮುಂದೆ ಸ್ವತಃ ಲೇಖಕನಾದನು. ಒಂದು ಪುಸ್ತಕದ ಓದಿನಿಂದಾಗಿ ಕನ್ನಡಕ್ಕೆ 'ತಿಮ್ಮ'ನೆಂಬ ಪಾತ್ರ ದೊರೆಯಿತು. ೧೯೮೦ರಲ್ಲಿ ಬೀಚಿಯವರು ತೀರಿಕೊಂಡ ಮೇಲೆಯೂ ಆ ತಿಮ್ಮ ಉಳಿದಿದ್ದಾನೆ. ಹಾಗೆ ತಿರುಗಬಲ್ಲ ಮನಸ್ಸುಗಳು ಪ್ರತಿಯೊಂದು ತರಗತಿಯಲ್ಲಿಯೂ ಕುಳಿತಿರುತ್ತವೆ. ಅವುಗಳಿಗೆ ತಕ್ಕ ಪುಸ್ತಕವನ್ನು ಯಾರು ತಲುಪಿಸುತ್ತಾರೆ ಎಂಬುದೇ ಪ್ರಶ್ನೆ.

೧. ಊರೂರು ತಿರುಗಿದ ಪುಸ್ತಕದ ಗಂಟು

ಇಂದು ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ ತಾಲೂಕುಗಳು ೨೦೨೧ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿವೆ. ಆದರೆ ೧೯೫೩ರ ಅಕ್ಟೋಬರ್ ೧ರಂದು ಮೈಸೂರು ರಾಜ್ಯವನ್ನು ಕೂಡಿಕೊಳ್ಳುವವರೆಗೆ ಈ ಸೀಮೆ ಮದರಾಸಿನ ಆಡಳಿತದಲ್ಲಿತ್ತು. ತೆಂಕಣಕ್ಕೆ ಮೈಸೂರು ಸಂಸ್ಥಾನ, ತುಂಗಭದ್ರೆಯ ಆಚೆಗೆ ಮುಂಬಯಿ ಪ್ರಾಂತ. ನುಡಿ ಒಂದೇ ಆಗಿದ್ದರೂ ಆಳುವವರು ಬೇರೆ, ಪಠ್ಯಪುಸ್ತಕಗಳು ಬೇರೆ. ಅಂಥ ದಿನಗಳಲ್ಲಿ ಒಂದು ಕಡೆ ಅಚ್ಚಾದ ಕನ್ನಡ ಪುಸ್ತಕ ಇನ್ನೊಂದು ಕಡೆಯ ಓದುಗನಿಗೆ ತಲುಪಬೇಕಾದರೆ ಅದನ್ನು ಹೊತ್ತು ತರುವ ಮನುಷ್ಯರೇ ಬೇಕಾಗಿದ್ದರು.

ಆ ಕಾರ್ಯದಲ್ಲಿ ಮೊದಲು ಸ್ಮರಿಸಬೇಕಾದ ಹೆಸರು ವೆಂಕಟೇಶ ತಿರಕೋ ಕುಲಕರ್ಣಿಯವರದು. ತುಂಗಭದ್ರೆ ಮತ್ತು ವರದೆಯ ಸಂಗಮದ ಬಳಿಯಿರುವ ಗಳಗನಾಥ ಗ್ರಾಮದಲ್ಲಿ ೧೮೬೯ರಲ್ಲಿ ಜನಿಸಿದ ಅವರು ಊರ ಹೆಸರಿನಿಂದಲೇ 'ಗಳಗನಾಥ'ರೆಂದು ಪ್ರಸಿದ್ಧರಾದರು. ಆ ಗ್ರಾಮಕ್ಕೂ ಹಡಗಲಿ ತಾಲೂಕಿಗೂ ನಡುವೆ ಇರುವುದು ನದಿಯೊಂದೇ. ಶಿಕ್ಷಕ ವೃತ್ತಿಯಲ್ಲಿದ್ದ ಅವರು ಅಗಡಿಯ ಆನಂದವನದಿಂದ ೧೯೦೭ರಲ್ಲಿ ಆರಂಭವಾದ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯನ್ನು ಬೆಳೆಸಿದರು. ಸ್ವತಂತ್ರವಾಗಿಯೂ ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕೃತಿಗಳನ್ನು ಆಧರಿಸಿಯೂ ಅನೇಕ ಕಾದಂಬರಿಗಳನ್ನು ಬರೆದರು. ವಿಜಯನಗರದ ಸ್ಥಾಪನೆಯ ಕಥೆಯುಳ್ಳ 'ಮಾಧವ ಕರುಣಾ ವಿಲಾಸ'ವೂ ಅದರ ಪತನವನ್ನು ಕುರಿತ 'ಕನ್ನಡಿಗರ ಕರ್ಮಕಥೆ'ಯೂ ಅವರವೇ.

ಬರೆದು ಅಚ್ಚು ಹಾಕಿಸಿದ ಮಾತ್ರಕ್ಕೆ ತಮ್ಮ ಕೆಲಸ ಮುಗಿಯಿತೆಂದು ಗಳಗನಾಥರು ಭಾವಿಸಲಿಲ್ಲ. ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡದಲ್ಲಿ ಕಾದಂಬರಿ ಎಂಬುದು ಇನ್ನೂ ಹೊಸ ಪದಾರ್ಥವಾಗಿದ್ದ ಕಾಲವದು. ಪುರಾಣ ಕೇಳಿ ಬಲ್ಲ ಜನಕ್ಕೆ ಕಾದಂಬರಿ ಓದುವ ರೂಢಿಯಿರಲಿಲ್ಲ. ಹಣ ಕೊಟ್ಟು ಕೊಳ್ಳುವುದಂತೂ ದೂರದ ಮಾತು. ಅಂಥವರೆದುರು ಗಂಟು ಬಿಚ್ಚಿ ಕುಳಿತು, ಇದರಲ್ಲಿ ಏನಿದೆ, ಯಾರು ಓದಬಹುದು, ಓದಿದರೆ ಏನು ದೊರೆಯುವುದು ಎಂಬುದನ್ನು ತಿಳಿಯಹೇಳಿಯೇ ಮಾರಬೇಕಾಗಿತ್ತು. 'ದೇಶ ಸುತ್ತು, ಕೋಶ ಓದು' ಎಂಬುದು ನಮ್ಮ ಗಾದೆ. ಕೋಶವನ್ನು ತಲೆಯ ಮೇಲೆ ಹೊತ್ತೇ ದೇಶ ಸುತ್ತಿದವರು ಗಳಗನಾಥರು.

ತನ್ನ ಪುಸ್ತಕವನ್ನು ತಾನೇ ಹೊಗಳಿ ಮಾರುವವನ ಮಾತನ್ನು ನಂಬುವುದೆಂತು ಎಂಬ ಶಂಕೆ ಇಲ್ಲಿ ಸಹಜ. ಅದಕ್ಕೆ ಉತ್ತರ ಆ ವ್ಯಾಪಾರದ ರೀತಿಯಲ್ಲಿಯೇ ಇದೆ. ಊರೂರು ತಿರುಗಿ ಮಾರುವವನು ಮುಂದಿನ ಪುಸ್ತಕದೊಡನೆ ಅದೇ ಊರಿಗೆ, ಅದೇ ಮನೆಯ ಕಟ್ಟೆಗೆ ಮರಳಿ ಬರಬೇಕು. ಹಿಂದಿನ ಸಲ ಕೊಟ್ಟ ಪುಸ್ತಕ ನೀರಸವಾಗಿದ್ದರೆ ಅಲ್ಲಿ ಅವನಿಗೆ ಆದರ ದೊರೆಯದು. ಪತ್ರಿಕೆಯ ಚಂದಾದಾರನಂತೂ ತಿಂಗಳು ತಿಂಗಳೂ ತೂಗಿ ನೋಡುತ್ತಾನೆ. ಮರಳಿ ಮುಖ ತೋರಿಸಬೇಕಾದವನ ಮಾತಿಗೆ ಒಂದು ಹೊಣೆ ತಾನಾಗಿಯೇ ಅಂಟಿಕೊಂಡಿರುತ್ತದೆ. ಪುಸ್ತಕ ವ್ಯಾಪಾರಿಯ ಶಿಫಾರಸನ್ನು ಜಾಹೀರಾತಿನಿಂದ ಬೇರೆ ಮಾಡುವುದು ಈ ಹೊಣೆಯೇ. ಈ ಒಂದು ಸೂತ್ರವನ್ನು ಹಿಡಿದು ಮುಂದಿನ ನಿದರ್ಶನಗಳನ್ನು ನೋಡಬಹುದು.

೨. ಓಲೆಗರಿಯಿಂದ ಮನೆಮನೆಗೆ

ಗಳಗನಾಥರು ಹೊಸ ಬರಹವನ್ನು ಜನಕ್ಕೆ ಪರಿಚಯಿಸಿದರೆ, ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಹಳೆಯದನ್ನು ಹೊಸದಾಗಿ ಪರಿಚಯಿಸಬೇಕಾಯಿತು. ೧೮೮೦ರಲ್ಲಿ ಧಾರವಾಡದಲ್ಲಿ ಜನಿಸಿದ ಅವರು ಮಠಗಳಲ್ಲಿಯೂ ಮನೆಗಳಲ್ಲಿಯೂ ಉಳಿದಿದ್ದ ಶರಣರ ವಚನಗಳ ಓಲೆಗರಿಗಳನ್ನು ಹುಡುಕಿ ಸಂಗ್ರಹಿಸಿದರು. ಅನೇಕ ಮನೆಗಳಲ್ಲಿ ಆ ಕಟ್ಟುಗಳು ಜಗುಲಿಯ ಮೇಲೆ ವಿಭೂತಿ ಪತ್ರೆಗಳೊಡನೆ ಪೂಜೆಗೊಳ್ಳುತ್ತಿದ್ದವೇ ಹೊರತು ಓದಲ್ಪಡುತ್ತಿರಲಿಲ್ಲ. 'ವಚನಶಾಸ್ತ್ರಸಾರ'ದ ಮೊದಲ ಭಾಗ ೧೯೨೩ರಲ್ಲಿ ಅಚ್ಚಾಗಿ ಹೊರಬಂದಿತು. ೧೯೨೫ರಲ್ಲಿ ವಿಜಯಪುರದಲ್ಲಿ 'ಹಿತಚಿಂತಕ' ಮುದ್ರಣಾಲಯವೂ ೧೯೨೬ರಲ್ಲಿ 'ಶಿವಾನುಭವ' ಪತ್ರಿಕೆಯೂ ಆರಂಭವಾದವು.

ಹಳಕಟ್ಟಿಯವರನ್ನು ವ್ಯಾಪಾರಿಗಳೆಂದು ಕರೆಯುವುದು ಯಾರಿಗೂ ಸೊಗಸದು. ಆ ಕೆಲಸದಿಂದ ಅವರು ಗಳಿಸಲಿಲ್ಲ, ಕಳೆದುಕೊಂಡರು. ಆದರೂ ಈ ವಿವೇಚನೆಯಲ್ಲಿ ಅವರ ಹೆಸರು ಬರಲೇಬೇಕು. ಪೂಜೆಯ ವಸ್ತುವಾಗಿದ್ದುದನ್ನು ಓದಿನ ವಸ್ತುವನ್ನಾಗಿ ಮಾಡಿ, ವಚನಗಳನ್ನು ವಿಷಯಾನುಸಾರವಾಗಿ ವಿಂಗಡಿಸಿ, ಎಲ್ಲಿಂದ ಓದಲು ಆರಂಭಿಸಬೇಕೆಂಬುದನ್ನು ಸಾಮಾನ್ಯ ಓದುಗನಿಗೆ ಅವರು ತೋರಿಸಿಕೊಟ್ಟರು. ಒಳ್ಳೆಯ ಶಿಫಾರಸಿನ ಅರ್ಧ ಭಾಗ ಇದೇ. ಪುಸ್ತಕ ಶ್ರೇಷ್ಠವಾದುದೆಂದರೆ ಸಾಲದು. ಅದರೊಳಗೆ ಪ್ರವೇಶಿಸುವ ಬಾಗಿಲು ಎಲ್ಲಿದೆಯೆಂಬುದನ್ನೂ ಹೇಳಬೇಕು. ೧೯೬೪ರಲ್ಲಿ ಅವರು ಲಿಂಗೈಕ್ಯರಾಗುವ ವೇಳೆಗೆ ವಚನಸಾಹಿತ್ಯ ಕನ್ನಡಿಗರೆಲ್ಲರ ಓದಿನ ಸ್ವತ್ತಾಗಿತ್ತು.

೩. ಧಾರವಾಡದ ಅಟ್ಟ

ಹೆಗಲ ಮೇಲಿನ ಗಂಟಿನಿಂದ ಅಂಚೆಯ ಕಟ್ಟಿಗೆ ಬಂದುದು ಮುಂದಿನ ಹೆಜ್ಜೆ. 'ಜಡಭರತ' ಎಂಬ ಹೆಸರಿನಿಂದ ನಾಟಕಗಳನ್ನು ಬರೆದ ಜಿ. ಬಿ. ಜೋಶಿಯವರು ೧೯೩೩ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಅದರ ಕಚೇರಿಯಿರುವ 'ಅಟ್ಟ' ಸಾಹಿತಿಗಳೆಲ್ಲರಿಗೂ ಪರಿಚಿತವಾದ ಸ್ಥಳ. ಓದುಗರು ಮುಂಗಡವಾಗಿ ಚಂದಾ ಸಲ್ಲಿಸುವುದು, ಗ್ರಂಥಮಾಲೆಯು ಆರಿಸಿ ಅಚ್ಚು ಮಾಡಿದ ಪುಸ್ತಕಗಳನ್ನು ಅವರಿಗೆ ತಲುಪಿಸುವುದು, ಇದು ಅಲ್ಲಿಯ ಕ್ರಮ.

ಇದರ ಅರ್ಥವನ್ನು ತುಸು ಯೋಚಿಸಬೇಕು. ಯಾವ ಪುಸ್ತಕ ಬರುವುದೆಂದು ತಿಳಿಯುವ ಮೊದಲೇ ಓದುಗನು ಹಣ ಕೊಡುತ್ತಾನೆ. ಅವನು ಕೊಳ್ಳುವುದು ಪುಸ್ತಕವನ್ನಲ್ಲ, ಆರಿಸುವವನ ವಿವೇಕವನ್ನು. ಆ ನಂಬಿಕೆಯ ಬಲದಿಂದ ಗ್ರಂಥಮಾಲೆಗೆ ಹೊಸಬರ ಕೃತಿಗಳನ್ನು ಪ್ರಕಟಿಸುವ ಧೈರ್ಯ ಬಂದಿತು. ೧೯೬೧ರಲ್ಲಿ 'ಯಯಾತಿ' ಅಚ್ಚಾದಾಗ ಗಿರೀಶ ಕಾರ್ನಾಡರಿಗೆ ಇಪ್ಪತ್ತಮೂರರ ಆಸುಪಾಸಿನ ವಯಸ್ಸು. ೧೯೬೪ರಲ್ಲಿ 'ತುಘಲಕ್', ೧೯೬೫ರಲ್ಲಿ ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' ಅಲ್ಲಿಂದಲೇ ಬಂದವು. ಹೆಸರಿಲ್ಲದ ತರುಣರ ಕೃತಿಗಳು ಮನೆಯ ಬಾಗಿಲಿಗೆ ಬಂದಾಗ ಚಂದಾದಾರರು ಬೇಡವೆನ್ನಲಿಲ್ಲ. ಆರಿಸುವಾಗ ಕೀರ್ತಿನಾಥ ಕುರ್ತಕೋಟಿಯಂಥ ವಿಮರ್ಶಕರ ಸಲಹೆಯಿತ್ತು. ಆರಿಸಿದ ಮೇಲೆ ಮರುವರ್ಷ ಅದೇ ಚಂದಾದಾರರ ಮುಂದೆ ನಿಲ್ಲಬೇಕೆಂಬ ಎಚ್ಚರವಿತ್ತು.

ಇದೇ ಕಾಲಮಾನದಲ್ಲಿ ಬೆಂಗಳೂರಿನಲ್ಲಿ ಅಧ್ಯಾಪಕರಾಗಿದ್ದ ಜಿ. ಪಿ. ರಾಜರತ್ನಂ ಅವರು ಪುಸ್ತಕಗಳನ್ನು ಹೊತ್ತು ಓದುಗರ ಬಳಿಗೆ ತಾವೇ ಹೋಗುತ್ತಿದ್ದರು. ಪ್ರಾಧ್ಯಾಪಕನೊಬ್ಬನು ಪುಸ್ತಕ ಮಾರುವುದು ಗೌರವಕ್ಕೆ ಕುಂದೆಂದು ಅವರಿಗೆ ತೋರಲಿಲ್ಲ. ತಮ್ಮನ್ನು 'ಸಾಹಿತ್ಯ ಪರಿಚಾರಕ'ನೆಂದು ಕರೆದುಕೊಂಡರು. ಪರಿಚಾರಕನೆಂದರೆ ಸೇವೆ ಮಾಡುವವನು. ಬಡಿಸುವವನಿಗೆ ಉಣ್ಣುವವನ ಹಸಿವು ತಿಳಿದಿರಬೇಕು. ೧೯೭೮ರಲ್ಲಿ ದೆಹಲಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವೇರಿದ ಅವರ ಹೆಸರಿನೊಡನೆ ಇಂದಿಗೂ ಆ ಪರಿಚಾರಕನೆಂಬ ಪದವೇ ಹೊಂದಿಕೊಂಡಿದೆ. ಶಿಕ್ಷಕರಿಗೆ ಅವರ ಜೀವನಕ್ಕಿಂತ ಹತ್ತಿರದ ಆದರ್ಶ ಬೇರೊಂದಿಲ್ಲ.

೪. ಅಂಗಡಿಯ ಕಟ್ಟೆಯ ಮೇಲೆ

ನಗರಗಳು ಬೆಳೆದಂತೆ ಪುಸ್ತಕಕ್ಕೆ ಸ್ಥಿರವಾದ ಅಂಗಡಿಗಳು ಹುಟ್ಟಿದವು. ಅವುಗಳಲ್ಲಿ ದೊಡ್ಡ ಮಳಿಗೆಗಳೂ ಉಂಟು, ಒಬ್ಬನೇ ನಿಂತು ನಡೆಸುವ ಚಿಕ್ಕ ಅಂಗಡಿಗಳೂ ಉಂಟು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಸಮೀಪದಲ್ಲಿ ಟಿ. ಎಸ್. ಶಾನಭಾಗರು ೧೯೭೧ರಿಂದ ೨೦೦೯ರವರೆಗೆ ನಡೆಸಿದ 'ಪ್ರೀಮಿಯರ್' ಎರಡನೆಯ ಬಗೆಯದು. ಇಕ್ಕಟ್ಟಾದ ಸ್ಥಳದಲ್ಲಿ ಪುಸ್ತಕಗಳನ್ನು ಒಂದರ ಮೇಲೊಂದು ಮಾಳಿಗೆಯೆತ್ತರಕ್ಕೆ ಪೇರಿಸಿದ್ದರು. ಹೊಸಬರಿಗೆ ಅದು ಅಸ್ತವ್ಯಸ್ತವಾಗಿ ಕಾಣುತ್ತಿತ್ತು. ಆದರೆ ಯಾವ ಪುಸ್ತಕ ಯಾವ ಪೇರಿನಲ್ಲಿದೆ ಎಂಬುದು ಶಾನಭಾಗರಿಗೆ ತಿಳಿದಿತ್ತು. ಯಾವ ಗಿರಾಕಿಗೆ ಯಾವುದು ಹಿಡಿಸುವುದೆಂಬುದೂ ತಿಳಿದಿತ್ತು. ಬಹಳ ಮಾತನಾಡದ ಅವರು ಬಂದವರ ಅಭಿರುಚಿಯನ್ನು ನೆನಪಿಟ್ಟು, ಹೊಸ ಪುಸ್ತಕ ಬಂದಾಗ ಅವರ ಕೈಗಿಡುತ್ತಿದ್ದರು. ೨೦೨೧ರಲ್ಲಿ ಅವರು ತೀರಿಕೊಂಡಾಗ ದೊಡ್ಡ ದೊಡ್ಡ ಲೇಖಕರು ಅವರನ್ನು ಗುರುವಿನಂತೆ ಸ್ಮರಿಸಿದರು. ಅವರ ಸೋದರಸಂಬಂಧದ ಹಿರಿಯರಾದ ಟಿ. ಎನ್. ಶಾನಭಾಗರು ಮುಂಬಯಿಯಲ್ಲಿ ೧೯೪೮ರಲ್ಲಿ ಆರಂಭಿಸಿದ 'ಸ್ಟ್ರ್ಯಾಂಡ್' ಪುಸ್ತಕದಂಗಡಿಯೂ ೨೦೧೮ರಲ್ಲಿ ಮುಚ್ಚುವವರೆಗೆ ಇದೇ ಬಗೆಯ ನಂಬಿಕೆಯನ್ನು ಗಳಿಸಿತ್ತು.

ಕರಾವಳಿಯ ಮಂಗಳೂರಿನಲ್ಲಿ ಜಿ. ಎನ್. ಅಶೋಕವರ್ಧನರು ೧೯೭೫ರಿಂದ ೨೦೧೨ರವರೆಗೆ 'ಅತ್ರಿ ಬುಕ್ ಸೆಂಟರ್' ನಡೆಸಿದರು. ವಿಜ್ಞಾನ ಲೇಖಕರಾದ ಜಿ. ಟಿ. ನಾರಾಯಣರಾಯರ ಪುತ್ರರಾದ ಅವರು ತಮ್ಮ ವೃತ್ತಿಯ ಅನುಭವವನ್ನು ಬರೆದಿಟ್ಟು ಆ ಪುಸ್ತಕಕ್ಕೆ 'ಪುಸ್ತಕ ಮಾರಾಟ ಹೋರಾಟ' ಎಂದು ಹೆಸರಿಟ್ಟರು. ಮಾರಾಟವು ಹೋರಾಟವಾಗುವುದೇಕೆ ಎಂಬುದನ್ನು ಆ ವೃತ್ತಿಯಲ್ಲಿರುವವರೆಲ್ಲ ಬಲ್ಲರು. ಓದಿ ಆರಿಸಿ ತರಿಸಿದ ಪುಸ್ತಕ ಓದುಗನಿಗಾಗಿ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಅಷ್ಟು ದಿನ ಹಾಕಿದ ಬಂಡವಾಳ ಕಪಾಟಿನಲ್ಲಿ ಮಲಗಿರುತ್ತದೆ. ಅದೇ ಹಣದಿಂದ ಪರೀಕ್ಷೆಯ ಮಾರ್ಗದರ್ಶಿಗಳನ್ನು ತಂದಿಟ್ಟರೆ ವಾರದೊಳಗೆ ಕರಗುತ್ತವೆ. ಒಳ್ಳೆಯ ಪುಸ್ತಕವನ್ನು ಅಂಗಡಿಯಲ್ಲಿಡುವುದೇ ಒಂದು ಶಿಫಾರಸು. ಅದಕ್ಕೆ ವ್ಯಾಪಾರಿ ತನ್ನ ಕೈಯಿಂದ ಬೆಲೆ ತೆತ್ತಿರುತ್ತಾನೆ.

ಇಂಥ ವ್ಯಾಪಾರಿಗಳಲ್ಲಿ ಸಾಮಾನ್ಯವಾಗಿ ಕಾಣುವ ಇನ್ನೊಂದು ಗುಣವುಂಟು. "ಇದು ನಿಮಗೆ ಬೇಡ" ಎಂದು ಹೇಳಬಲ್ಲವರು ಅವರು. ಎಲ್ಲವನ್ನೂ ಒಳ್ಳೆಯದೆನ್ನುವವನ ಹೊಗಳಿಕೆಯಿಂದ ಓದುಗನಿಗೆ ಏನೂ ತಿಳಿಯುವುದಿಲ್ಲ. ಒಂದು ಪುಸ್ತಕವನ್ನು ಬೇಡವೆಂದವನು ಇನ್ನೊಂದನ್ನು ಓದಿರಿ ಎಂದಾಗ ಆ ಮಾತಿಗೆ ತೂಕ ಬರುತ್ತದೆ. ಆ ದಿನದ ಲಾಭ ಕೈತಪ್ಪಿದರೂ ಓದುಗನು ಕೈತಪ್ಪುವುದಿಲ್ಲ.

೫. ಪರದೇಶಗಳ ಪಾಠ

ಇದು ಕನ್ನಡ ನಾಡಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಅಮೆರಿಕ ದೇಶದಲ್ಲಿ ೧೯೦೦ರಷ್ಟು ಹಿಂದೆಯೇ ಪುಸ್ತಕ ವ್ಯಾಪಾರಿಗಳ ಸಂಘ ಸ್ಥಾಪನೆಯಾಯಿತು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ದೊಡ್ಡ ಮಳಿಗೆಗಳ ಸರಪಳಿಯಿಂದಲೂ ಅಂತರಜಾಲದ ಮಾರಾಟದಿಂದಲೂ ಚಿಕ್ಕ ಅಂಗಡಿಗಳು ಒಂದೊಂದಾಗಿ ಮುಚ್ಚತೊಡಗಿದಾಗ, ಸಂಘವು ೧೯೯೯ರಲ್ಲಿ ಒಂದು ಉಪಾಯವನ್ನು ಕೈಗೊಂಡಿತು. ಸ್ವತಂತ್ರ ಅಂಗಡಿಗಳವರು ತಾವು ಓದಿ ಮೆಚ್ಚಿದ ಪುಸ್ತಕಗಳ ಹೆಸರುಗಳನ್ನು ಕಳುಹಿಸುವುದು, ಅವುಗಳಿಂದ ಆಯ್ದ ಪಟ್ಟಿಯನ್ನು ಎಲ್ಲ ಸ್ವತಂತ್ರ ಅಂಗಡಿಗಳಲ್ಲಿಯೂ ಓದುಗರಿಗೆ ಹಂಚುವುದು. ಮುಂದೆ 'ಇಂಡೀ ನೆಕ್ಸ್ಟ್' ಎಂಬ ಹೆಸರಿನಿಂದ ಆ ಪಟ್ಟಿ ಮುಂದುವರಿಯಿತು. ಅದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪುಸ್ತಕದ ಹೆಸರಿನೊಡನೆ ಅದನ್ನು ಮೆಚ್ಚಿದ ವ್ಯಾಪಾರಿಯ ನಾಲ್ಕು ಮಾತುಗಳೂ, ಆತನ ಹೆಸರೂ, ಅಂಗಡಿಯ ಹೆಸರೂ ಊರೂ ಅಚ್ಚಾಗುತ್ತವೆ. ಮೆಚ್ಚಿಕೆಗೆ ಸಹಿ ಇರುತ್ತದೆ. ಓದಿ ಬೇಸರಗೊಂಡವನು ಯಾರನ್ನು ಕೇಳಬೇಕೆಂಬುದು ಸ್ಪಷ್ಟವಾಗಿರುತ್ತದೆ.

ಫ್ರಾನ್ಸ್ ದೇಶವು ಬೇರೊಂದು ದಾರಿ ಹಿಡಿಯಿತು. ಮಂತ್ರಿ ಜಾಕ್ ಲಾಂಗ್ ಅವರ ಹೆಸರಿನಿಂದ ಕರೆಯಲ್ಪಡುವ ೧೯೮೧ರ ಕಾನೂನಿನ ಪ್ರಕಾರ ಹೊಸ ಪುಸ್ತಕವನ್ನು ಪ್ರಕಾಶಕನು ಗೊತ್ತುಪಡಿಸಿದ ಬೆಲೆಗೆ ಶೇಕಡಾ ೫ಕ್ಕಿಂತ ಹೆಚ್ಚು ಕಡಿತ ಮಾಡಿ ಸಾಮಾನ್ಯ ಓದುಗನಿಗೆ ಮಾರುವಂತಿಲ್ಲ. ದೊಡ್ಡ ಮಳಿಗೆ ಬೆಲೆಯಿಳಿಸಿ ಚಿಕ್ಕ ಅಂಗಡಿಯನ್ನು ಮುಚ್ಚಿಸಬಾರದೆಂಬುದು ಅದರ ಉದ್ದೇಶ. ಬೆಲೆ ಎಲ್ಲೆಡೆ ಒಂದೇ ಆದಾಗ ಅಂಗಡಿಗಳ ಸ್ಪರ್ಧೆ ಬೆಲೆಯನ್ನು ಬಿಟ್ಟು ತಿಳಿವಳಿಕೆಯ ಕಡೆ ತಿರುಗುತ್ತದೆ. ಯಾವ ಅಂಗಡಿಯವನು ಚೆನ್ನಾಗಿ ಓದಿದ್ದಾನೋ ಅವನ ಬಳಿಗೆ ಓದುಗರು ಹೋಗುತ್ತಾರೆ.

ಇಂದು ಅಂತರಜಾಲದ ಮಳಿಗೆಯೂ ಓದುಗನಿಗೆ ಸಲಹೆ ಕೊಡುತ್ತದೆ. ಇದನ್ನು ಕೊಂಡವರು ಅದನ್ನೂ ಕೊಂಡಿದ್ದಾರೆ ಎಂದು ಯಂತ್ರ ಲೆಕ್ಕ ಹಾಕಿ ಹೇಳುತ್ತದೆ. ದೂರದ ಹಳ್ಳಿಗೂ ಪುಸ್ತಕ ತಲುಪಿಸುವ ಆ ಅನುಕೂಲವನ್ನು ಹಳಿಯಬೇಕಾಗಿಲ್ಲ. ಆದರೆ ಯಂತ್ರವು ಪುಸ್ತಕವನ್ನು ಓದಿ ಮೆಚ್ಚಿದುದಲ್ಲ. ಸಲಹೆ ತಪ್ಪಾದರೆ ಓದುಗನಿಗೆ ಮುಖ ತೋರಿಸಬೇಕಾದ ಸಂಕೋಚವೂ ಅದಕ್ಕಿಲ್ಲ.

೬. ಜಾತ್ರೆಯ ಅಂಗಡಿ, ಶಾಲೆಯ ಕಪಾಟು

ಈಗ ಈ ಸೀಮೆಯ ಕಡೆಗೆ ಮರಳೋಣ. ಇಲ್ಲಿಯ ಹಳ್ಳಿಯ ಜನಕ್ಕೆ ಪುಸ್ತಕದಂಗಡಿಯೆಂದರೆ ಬಹುಕಾಲ ಜಾತ್ರೆಯ ಅಂಗಡಿಯೇ ಆಗಿತ್ತು. ಭಾರತ ಹುಣ್ಣಿಮೆಯ ಸುಮಾರಿಗೆ ಮೈಲಾರದಲ್ಲಿ, ಮಾಘ ಬಹುಳದಲ್ಲಿ ಕೊಟ್ಟೂರಿನಲ್ಲಿ, ಬೇಸಗೆಯಲ್ಲಿ ಉಜ್ಜಿನಿಯಲ್ಲಿ ಜನ ನೆರೆದಾಗ, ಬೆಂಡು ಬತ್ತಾಸು ಬಳೆಗಳ ಸಾಲಿನ ನಡುವೆ ಚಾಪೆ ಹಾಸಿ ಪುಸ್ತಕ ಹರಡಿ ಕುಳಿತವನೂ ಇರುತ್ತಾನೆ. ಪಂಚಾಂಗ, ಶರಣರ ಪುರಾಣ, ಭಜನೆಯ ಪದ, ಬಯಲಾಟದ ಪ್ರಸಂಗ, ನಾಟಕ ಇವು ಅವನ ಸರಕು. ಗದಗಿನ ಶಾಬಾದಿಮಠದವರಂಥ ಪ್ರಕಾಶಕರು ಅಗ್ಗದ ಬೆಲೆಯಲ್ಲಿ ಅಚ್ಚು ಹಾಕಿದ ಇಂಥ ಪುಸ್ತಕಗಳು ವಿದ್ವಾಂಸರ ಪಟ್ಟಿಗಳಲ್ಲಿ ಸೇರದಿದ್ದರೂ ಸಾವಿರಾರು ಮನೆಗಳ ಗೂಡುಗಳನ್ನು ಸೇರಿವೆ.

ಆ ವ್ಯಾಪಾರಿಯ ಜಾಣ್ಮೆಯನ್ನು ಕಡೆಗಣಿಸಬಾರದು. ಶ್ರಾವಣದಲ್ಲಿ ಪುರಾಣ ಹಚ್ಚುವ ಊರಿನವರು ಬಂದರೆ ಓದಲು ಸುಲಭವಾದ ದಪ್ಪಕ್ಷರದ ಪ್ರತಿಯನ್ನು ತೋರಿಸುತ್ತಾನೆ. ಬಯಲಾಟದ ಮೇಳದವರು ಬಂದರೆ ಎಷ್ಟು ಪಾತ್ರಧಾರಿಗಳಿದ್ದಾರೆಂದು ಕೇಳಿಯೇ ಪ್ರಸಂಗವನ್ನು ತೆಗೆಯುತ್ತಾನೆ. ಓದುಗನ ಅಗತ್ಯವನ್ನು ಮೊದಲು ವಿಚಾರಿಸಿ ಆಮೇಲೆ ಪುಸ್ತಕಕ್ಕೆ ಕೈಹಾಕುವ ಈ ಕ್ರಮದಲ್ಲಿ ನಗರದ ಅಂಗಡಿಯವನಿಗೂ ಅವನಿಗೂ ವ್ಯತ್ಯಾಸವಿಲ್ಲ. ಅವನೂ ಮುಂದಿನ ವರ್ಷದ ತೇರಿಗೆ ಅದೇ ಸ್ಥಳಕ್ಕೆ ಬಂದು ಕೂರಬೇಕಾದವನು.

ಇದಕ್ಕೆ ಹೋಲಿಸಿದರೆ ಶಾಲೆಗಳ ಕಪಾಟುಗಳು ತುಂಬುವ ರೀತಿ ಚಿಂತೆ ಹುಟ್ಟಿಸುತ್ತದೆ. ವರ್ಷಾಂತ್ಯದಲ್ಲಿ ಅನುದಾನ ಮುಗಿಸಬೇಕೆಂಬ ಅವಸರದಿಂದ, ಇಲ್ಲವೆ ಹೆಚ್ಚು ರಿಯಾಯಿತಿ ದೊರೆಯಿತೆಂಬ ಸಂತೋಷದಿಂದ, ಯಾರೂ ಓದಿ ನೋಡದ ಪುಸ್ತಕಗಳನ್ನು ಸಗಟಾಗಿ ಕೊಳ್ಳುವ ರೂಢಿ ನಾಡಿನ ಅನೇಕ ಕಡೆಗಳಲ್ಲಿ ಇದೆ. ಬಹುಮಾನ ವಿತರಣೆಯ ಪುಸ್ತಕಗಳ ಗತಿಯೂ ಅದೇ. ಒಂದು ಲೆಕ್ಕವನ್ನು ಉದಾಹರಣೆಗಾಗಿ ಹಾಕಿ ನೋಡಬಹುದು. ಪುಸ್ತಕವೊಂದರ ಮುಖಬೆಲೆ ೧೦೦ ರೂಪಾಯಿ, ಶಾಲೆಯ ಬಳಿ ಇರುವ ಹಣ ೯,೦೦೦ ರೂಪಾಯಿ ಎಂದಿಟ್ಟುಕೊಳ್ಳೋಣ. ಅರ್ಧ ಬೆಲೆಯ ಸಗಟಿನಲ್ಲಿ ೧೮೦ ಪುಸ್ತಕಗಳು ಬರುತ್ತವೆ. ಆರಿಸಿ ಶೇಕಡಾ ೧೦ರ ರಿಯಾಯಿತಿಯಲ್ಲಿ ಕೊಂಡರೆ ೧೦೦ ಮಾತ್ರ. ಮೊದಲಿನವುಗಳಲ್ಲಿ ೩೦ನ್ನು ಮಕ್ಕಳು ಓದಿದರೆ, ಓದಿದ ಪ್ರತಿಯೊಂದು ಪುಸ್ತಕಕ್ಕೆ ಶಾಲೆ ೩೦೦ ರೂಪಾಯಿ ತೆತ್ತಂತಾಯಿತು. ಎರಡನೆಯವುಗಳಲ್ಲಿ ೬೦ನ್ನು ಓದಿದರೆ ಬಿದ್ದ ಖರ್ಚು ೧೫೦ ರೂಪಾಯಿ. ಅಗ್ಗವೆಂದು ಕೊಂಡುದ�ೇ ದುಬಾರಿಯಾಯಿತು.

ಹಣದ ಮಾತಿಗಿಂತ ದೊಡ್ಡ ನಷ್ಟ ಬೇರೊಂದಿದೆ. ಬಡ ಒಕ್ಕಲು ಮನೆಯ ಮಗುವಿಗೆ ಪಠ್ಯದ ಹೊರಗೆ ದೊರೆಯುವ ಮೊದಲ ಪುಸ್ತಕ ಅನೇಕ ವೇಳೆ ಶಾಲೆಯ ಬಹುಮಾನದ್ದೇ. ಅದು ನೀರಸವಾಗಿದ್ದರೆ ಪುಸ್ತಕಗಳೆಲ್ಲ ಹೀಗೆಯೇ ಎಂದು ಆ ಮಗು ತೀರ್ಮಾನಿಸುತ್ತದೆ. 'ಸಂಧ್ಯಾರಾಗ'ದ ಬದಲು ಬೇಸರ ತರಿಸುವ ಪುಸ್ತಕವೊಂದು ಅಂದು ಭೀಮಸೇನರಾಯರ ಕೈಸೇರಿದ್ದರೆ ಕನ್ನಡದ ಮೇಲಿನ ಅವರ ಅನಾದರ ಇನ್ನಷ್ಟು ಗಟ್ಟಿಯಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ.

೭. ಶಿಕ್ಷಕರೂ ದಾನಿಗಳೂ ಮಾಡಬಹುದಾದುದು

ಎಲ್ಲ ಊರುಗಳಲ್ಲಿಯೂ ಓದುವ ವ್ಯಾಪಾರಿ ದೊರೆಯುವುದಿಲ್ಲ. ಆದರೆ ಎಲ್ಲ ಶಾಲೆಗಳಲ್ಲಿಯೂ ಶಿಕ್ಷಕನಿದ್ದಾನೆ. ನಾಳೆ ಅದೇ ಮಗುವಿಗೆ ಮುಖ ತೋರಿಸಬೇಕಾದವನು ಅವನು. ಆದುದರಿಂದ ಒಳ್ಳೆಯ ವ್ಯಾಪಾರಿಯ ನಡೆಯಿಂದ ಐದು ನಿಯಮಗಳನ್ನು ಅವನು ಎತ್ತಿಕೊಳ್ಳಬಹುದು.

ಒಂದನೆಯದಾಗಿ, ತಾನು ಓದದ ಪುಸ್ತಕವನ್ನು ಓದೆಂದು ಹೇಳಬಾರದು. ಎರಡನೆಯದಾಗಿ, ಪುಸ್ತಕದ ಹೆಸರು ಹೇಳುವ ಮೊದಲು ಮಗುವಿಗೆ ಯಾವುದರಲ್ಲಿ ಆಸಕ್ತಿಯಿದೆಯೆಂದು ವಿಚಾರಿಸಬೇಕು. ಮೂರನೆಯದಾಗಿ, ಪುಸ್ತಕದ ಗುಣದೊಡನೆ ಅದರ ತೊಡಕನ್ನೂ ಹೇಳಬೇಕು. ನಾಲ್ಕನೆಯದಾಗಿ, ಮೆಚ್ಚಿಕೆಯನ್ನು ಚೀಟಿಯಲ್ಲಿ ನಾಲ್ಕು ಸಾಲು ಬರೆದು, ಕೆಳಗೆ ತನ್ನ ಹೆಸರು ಬರೆದು, ಪುಸ್ತಕದೊಳಗಿಡಬೇಕು. ಐದನೆಯದಾಗಿ, ಓದಿ ಹಿಂತಿರುಗಿಸಿದಾಗ ಹೇಗಿತ್ತೆಂದು ಕೇಳಬೇಕು. ಹಿಡಿಸಲಿಲ್ಲವೆಂದರೆ ಸಿಟ್ಟಾಗದೆ ಬೇರೊಂದನ್ನು ಕೊಡಬೇಕು.

ಈ ನಿಯಮಗಳನ್ನು ಅನುಸರಿಸಿದರೆ ಶಿಫಾರಸು ಯಾವ ರೂಪ ತಾಳುವುದೆಂಬುದಕ್ಕೆ ಕೆಲವು ನಿದರ್ಶನಗಳನ್ನು ಕೊಡಬಹುದು. ಅಕ್ಷರ ಕಲಿತ ಹೊಸತರಲ್ಲಿ ಹಾಡಿ ಕುಣಿಯುವ ಮಗುವಿಗೆ ರಾಜರತ್ನಂ ಅವರ 'ತುತ್ತೂರಿ'. ಹೊಲಗದ್ದೆಗಳಲ್ಲಿ ಗಿಡಬಳ್ಳಿ ನೋಡುತ್ತ ನಿಲ್ಲುವ ಹುಡುಗನಿಗೆ ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು'. ಸಸ್ಯಶಾಸ್ತ್ರದ ಹೆಸರುಗಳಿಗೆ ಹೆದರದೆ ನಗುತ್ತ ಓದಬಹುದೆಂಬ ಮಾತನ್ನೂ ಸೇರಿಸಬೇಕು. ಪ್ರಶ್ನೆ ಕೇಳುವ ಸ್ವಭಾವದ ಹುಡುಗಿಗೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. ಹಂಪೆಯ ಪ್ರವಾಸ ಮುಗಿಸಿ ಬಂದ ತರಗತಿಗೆ ಗಳಗನಾಥರ 'ಮಾಧವ ಕರುಣಾ ವಿಲಾಸ'. ಭಾಷೆ ಹಳೆಯದಾದ್ದರಿಂದ ಮೊದಲ ಭಾಗವನ್ನು ಶಿಕ್ಷಕರೇ ಓದಿ ಹೇಳುವುದು ಲೇಸು. ಕಾಡು, ತೋಟ, ಮುದುಕರ ಮಾತು ಇಷ್ಟಪಡುವವರಿಗೆ ಶಿವರಾಮ ಕಾರಂತರ 'ಬೆಟ್ಟದ ಜೀವ'. ತನ್ನ ಊರಿನವರೂ ಬರೆಯಬಲ್ಲರೇ ಎಂದು ಸಂದೇಹಪಡುವ ಪ್ರೌಢ ವಿದ್ಯಾರ್ಥಿಗೆ, ಕೊಟ್ಟೂರಿನಲ್ಲಿ ಜನಿಸಿ 'ಅರಮನೆ' ಕಾದಂಬರಿಗೆ ೨೦೦೭ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕುಂ. ವೀರಭದ್ರಪ್ಪನವರ ಕಥೆಗಳು, ಅವು ಕಟುವಾಗಿವೆ, ಎಳೆಯರಿಗೆ ಆತುರಪಟ್ಟು ಕೊಡಬಾರದೆಂಬ ಎಚ್ಚರಿಕೆಯೂ ಜೊತೆಗಿರಲಿ. ನಗಲು ಬಯಸುವವರಿಗೆ ಹರಪನಹಳ್ಳಿಯ ತಿಮ್ಮನಿದ್ದೇ ಇದ್ದಾನೆ.

ದಾನಿಗಳ ಪಾತ್ರವೂ ಚಿಕ್ಕದಲ್ಲ. ಕಪಾಟು ಕೊಟ್ಟು ಅದರ ಮೇಲೆ ಹೆಸರು ಬರೆಸುವುದು ಪುಣ್ಯಕಾರ್ಯವೇ. ಆದರೆ ಪುಸ್ತಕಕ್ಕೆಂದು ಕೊಟ್ಟ ಹಣವನ್ನು ಓದಿದವರ ಸಲಹೆಯಿಂದಲೇ ಖರ್ಚು ಮಾಡಬೇಕೆಂದು ಒಂದು ಮಾತು ಸೇರಿಸಿದರೆ ಆ ದಾನ ಇಮ್ಮಡಿಯಾಗುತ್ತದೆ. ಹಳೆಯ ವಿದ್ಯಾರ್ಥಿಗಳು ತಮ್ಮನ್ನು ಬದಲಿಸಿದ ಒಂದೊಂದು ಪುಸ್ತಕವನ್ನು, ಅದು ತಮಗೆ ಹೇಗೆ ದೊರೆಯಿತೆಂಬ ನಾಲ್ಕು ಸಾಲಿನ ಬರಹದೊಡನೆ, ತಮ್ಮ ಶಾಲೆಗೆ ಕಳುಹಿಸಬಹುದು. ನೂರು ಜನ ಹಾಗೆ ಮಾಡಿದರೆ ನೂರು ಪುಸ್ತಕಗಳು ನೂರು ಸಾಕ್ಷಿಗಳೊಡನೆ ಬಂದಂತಾಗುತ್ತದೆ. ಹತ್ತಿರದ ಊರಿನಲ್ಲಿ ಓದಿಕೊಂಡು ಅಂಗಡಿ ನಡೆಸುವವನೊಬ್ಬನಿದ್ದರೆ ವರ್ಷಕ್ಕೊಮ್ಮೆ ಅವನನ್ನು ಶಾಲೆಗೆ ಕರೆಸಿ, ಮಕ್ಕಳೊಡನೆ ಕೂರಿಸಿ, ಅವನಿಂದಲೇ ಪುಸ್ತಕ ಕೊಳ್ಳುವುದು ಉಚಿತ. ಅಂಥವನ ಅಂಗಡಿ ಮುಚ್ಚಿದ ಮೇಲೆ ಅವನನ್ನು ಹೊಗಳಿ ಪ್ರಯೋಜನವಿಲ್ಲ.

ಅನ್ನದ ದಾಸೋಹದಲ್ಲಿ ಹಸಿದವನನ್ನು ಕುಳ್ಳಿರಿಸಿ, ಬೇಕಾದುದನ್ನು ಕೇಳಿ ಬಡಿಸುವ ಪದ್ಧತಿ ಈ ನಾಡಿನಲ್ಲಿದೆ. ಅಡಿಗೆಯನ್ನು ಕೋಣೆಯಲ್ಲಿಟ್ಟು ಬೀಗ ಹಾಕಿ, ಇಷ್ಟು ಮಣ ಬೇಯಿಸಿದೆವೆಂದು ಲೆಕ್ಕ ಬರೆಯುವುದನ್ನು ಯಾರೂ ದಾಸೋಹವೆನ್ನುವುದಿಲ್ಲ. ಪುಸ್ತಕದ ವಿಷಯದಲ್ಲಿಯೂ ಅದೇ ವಿವೇಕ ಸಲ್ಲುತ್ತದೆ. ಬೀಗ ತೆಗೆದು, ಮಗುವಿನ ಮುಖ ನೋಡಿ, ತಕ್ಕ ಪುಸ್ತಕವನ್ನು ಆರಿಸಿ ಕೈಗಿಡುವವರು ಪ್ರತಿಯೊಂದು ಶಾಲೆಯಲ್ಲಿಯೂ ಒಬ್ಬರಾದರೂ ಇದ್ದರೆ, ಗಳಗನಾಥರು ಹೊತ್ತು ತಿರುಗಿದ ಗಂಟು ಇನ್ನೂ ಕೆಳಗಿಳಿದಿಲ್ಲವೆಂದು ಹೇಳಬಹುದು.